ಪಕ್ಕದ ಮನೆಯ ಸದ್ದು

ಜೂನ್ 9

ಪ್ರೀತಿಯ ಅಕ್ಕನಿಗೆ,

ಫೋನ್ ಎತ್ತುತ್ತಿಲ್ಲ ಎಂದು ಮುಖ ಊದಿಸಿಕೊಂಡಿರುತ್ತೀಯ, ಗೊತ್ತು. ದಿನಕ್ಕೆ ಒಂಬತ್ತು ಗಂಟೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತ ಮೇಲೆ ಫೋನ್ ಎಂದರೆ ಮೈ ಪರಚಿಕೊಳ್ಳುವಂತಾಗುತ್ತದೆ. ಅದೂ ಅಲ್ಲದೆ ಈಗ ಅಪ್ಪ ಇಲ್ಲೇ ಇದ್ದಾನೆ. ಎರಡು ಕೋಣೆಯ ಮನೆಯಲ್ಲಿ ಅಪ್ಪನ ಸುದ್ದಿಯನ್ನು ಅಪ್ಪನಿಗೆ ಕೇಳದ ಹಾಗೆ ಹೇಳಬೇಕೆಂದರೆ ಕಾಗದವೇ ಗತಿ. ನೀನೂ ಬರೆ. ಅಳತೆ ಚೀಟಿಯ ಹಿಂದೆ ಬರೆದರೂ ಸರಿ.

ನಮ್ಮ ಲಿಫ್ಟ್ ಕಂಪನಿಯವರು ಆಫೀಸಿನ ಮಹಡಿಯನ್ನು ಪೂರ್ತಿ ಬಿಟ್ಟುಕೊಟ್ಟು ಎಲ್ಲರನ್ನೂ ಮನೆಗೆ ಕಳಿಸಿದ್ದಾರೆ. ಯಾರಾದರೂ ಲಿಫ್ಟಿನಲ್ಲಿ ಸಿಕ್ಕಿಕೊಂಡು ಒಳಗಿನ ಗುಂಡಿ ಒತ್ತಿದರೆ ಇನ್ನು ಮೇಲೆ ಗಂಟೆ ಮೊಳಗುವುದು ನನ್ನ ಮಲಗುವ ಕೋಣೆಯಲ್ಲಿ. ಮೆಕ್ಯಾನಿಕ್ ಬಂದು ಬಾಗಿಲು ತೆಗೆಯುವವರೆಗೂ ಅವರ ಜೊತೆ ಮಾತಾಡುತ್ತಾ ಇರಬೇಕು, ಧೈರ್ಯ ಹೇಳುತ್ತಾ ಇರಬೇಕು. ಹನ್ನೊಂದು ವರ್ಷ ಮಾಡಿದ ಕೆಲಸವೇ. ಆದರೂ ಮಂಚದ ಪಕ್ಕ ಕೂತು ಮಾಡುವಾಗ ಯಾರದೋ ಕಣ್ಣು ತಪ್ಪಿಸಿ ಸಂಬಳ ತೆಗೆದುಕೊಂಡ ಹಾಗೆ ನಾಚಿಕೆಯಾಗುತ್ತದೆ. ಮಹಡಿ ಮೇಲಿನಾಕೆ ನನ್ನ ಕೆಲಸ ಹೋಗಿದೆ ಎಂದೇ ತಿಳಿದಿದ್ದಾಳೆ. ನೋಡಿದಾಗಲೆಲ್ಲ ಪಾಪ ಎನ್ನುವ ಮುಖ ಮಾಡಿ, ತನ್ನ ಪಾರ್ಸೆಲ್‌ಗಳನ್ನು ಇಸಿದುಕೊಳ್ಳುವ ಕೆಲಸ ನನಗೆ ಒಪ್ಪಿಸಿ ಹೋಗುತ್ತಾಳೆ.

ಮೊದಲ ವಾರ ಒಂದು ಹುಚ್ಚುತನ ಮಾಡಿದೆ, ನಗಬೇಡ. ಬೆಳಿಗ್ಗೆ ಎಂಟೂವರೆಗೆ ಸೀರೆಯುಟ್ಟು, ಬ್ಯಾಗು ಹೆಗಲಿಗೇರಿಸಿ, ಅಪ್ಪನಿಗೆ ಹೇಳಿ ಹೊರಟು, ನಮ್ಮ ಬೀದಿಯನ್ನು ಒಂದು ಸುತ್ತು ಹಾಕಿ ಮತ್ತೆ ಅದೇ ಬಾಗಿಲಿಂದ ಒಳಗೆ ಬಂದು ಕೂತೆ. ಮೂರನೆಯ ದಿನ ಅಪ್ಪ, "ಇಷ್ಟು ಬೇಗ ಬಂದ್ಬಿಟ್ಯಾ? ಇವತ್ತು ಬಸ್ಸು ಖಾಲಿ ಇತ್ತಾ?" ಎಂದ. ಆಮೇಲೆ ಬಿಟ್ಟೆ.

ಅಪ್ಪನ ವಿಷಯದಲ್ಲಿ ನಿನ್ನ ಹತ್ತಿರ ಜಗಳವಾಡಿ ಗೆದ್ದವಳು ನಾನು. ನಿನ್ನ ಹೊಲಿಗೆ ಅಂಗಡಿಯಲ್ಲಿ ಅವನನ್ನು ಯಾರು ನೋಡಿಕೊಳ್ಳುತ್ತಾರೆ, ನಾನಾದರೆ ದಿನವಿಡೀ ಮನೆಯಲ್ಲೇ ಇರುತ್ತೇನಲ್ಲ ಎಂದಿದ್ದೆ. ಆ ಮಾತು ಉಳಿಸಿಕೊಳ್ಳುತ್ತೇನೆ. ನೀನು ನಿಶ್ಚಿಂತೆಯಿಂದ ಇರು.

ನಿನ್ನ
ಮರಿ

ಜೂನ್ 20

ಮರಿ,

ನಿನ್ನ ಕಾಗದ ಓದಿ ನಕ್ಕೆ. ಸೂಜಿ ಬಾಯಲ್ಲಿಟ್ಟುಕೊಂಡು ನಗಬಾರದು, ಆದರೂ ನಕ್ಕೆ. ನೀನು ಬೀದಿ ಸುತ್ತು ಹಾಕುತ್ತಿದ್ದದ್ದು ಇಡೀ ಬೀದಿಗೆ ಗೊತ್ತಿರುತ್ತದೆ, ನಿನ್ನೊಬ್ಬಳನ್ನು ಬಿಟ್ಟು.

ಒಂದು ಮಾತು ಕೇಳುತ್ತೇನೆ, ಮುನಿಸಿಕೊಳ್ಳಬೇಡ. ಅಪ್ಪ ನಲವತ್ತು ವರ್ಷ ತರಕಾರಿ ಮಂಡಿಯಲ್ಲಿ ಹರಾಜು ಕೂಗಿದ ಮನುಷ್ಯ. ಉಪ್ಪು ಕೊಡು ಎಂದರೂ ಮೂರನೆಯ ಮನೆಯವರು ಉಪ್ಪು ತಂದುಕೊಡಬೇಕು, ಅಂಥ ಗಂಟಲು. ಚಿಕ್ಕವಳಿದ್ದಾಗ ಅವನು ಶಾಲೆಯ ಹತ್ತಿರ ಬಂದು ನಿನ್ನನ್ನು ಕೂಗಿದರೆ ಕಂಬದ ಹಿಂದೆ ಅವಿತುಕೊಳ್ಳುತ್ತಿದ್ದವಳು ನೀನು. ಈಗ ನಿನ್ನ ಕೆಲಸವೋ, ಮೆತ್ತಗೆ ಮಾತಾಡುವ ಕೆಲಸ. ಈ ಇಬ್ಬರನ್ನು ಎರಡು ಕೋಣೆಯಲ್ಲಿ ಹೇಗೆ ಹೊಂದಿಸುತ್ತೀಯ?

ಬಟ್ಟೆ ಕೊಟ್ಟವರು ಬಾಗಿಲಲ್ಲಿ ನಿಂತಿದ್ದಾರೆ. ಮುಗಿಸುತ್ತೇನೆ.

ಅಕ್ಕ

ಜುಲೈ 17

ಅಕ್ಕ,

ನಿನ್ನ ಬಾಯಿಗೆ ಸಕ್ಕರೆ ಹಾಕಬೇಕೋ ಬೀಗ ಹಾಕಬೇಕೋ ತಿಳಿಯುತ್ತಿಲ್ಲ. ನೀನು ಹೇಳಿದ ಹಾಗೇ ಆಯಿತು.

ನಮ್ಮ ಕರೆಗಳೆಲ್ಲ ರೆಕಾರ್ಡ್ ಆಗುತ್ತವೆ. ಹಿಂದಿನಿಂದ ಮನೆಯ ಸದ್ದು ಕೇಳಿಸಿದರೆ ಒಂದು ಕೆಂಪು ಗುರುತು. ಮೂರು ಕೆಂಪು ಗುರುತಾದರೆ ಕಂಪ್ಯೂಟರ್ ವಾಪಸು ಕೊಟ್ಟು ಕೈ ಬೀಸಿಕೊಂಡು ಹೋಗಬೇಕು. ನನಗೀಗ ಎರಡಾಗಿವೆ.

ಮೊದಲನೆಯದು ಆದದ್ದು ಪಾರ್ಸೆಲ್ಲಿನವನು ಬಾಗಿಲು ಬಡಿದ ದಿನ. ನಾನು ಲಿಫ್ಟಿನಲ್ಲಿದ್ದ ಹುಡುಗಿಗೆ ಸಮಾಧಾನ ಹೇಳುತ್ತಿದ್ದೆ. ಅಪ್ಪ ಹೊರಗೆ ನಿಂತು, "ಒಳಗೆ ಆಫೀಸು ನಡೀತಿದೆ, ಸ್ವಲ್ಪ ಮೆತ್ತಗೆ ಮಾತಾಡಿ" ಎಂದು ಆ ಮನುಷ್ಯನಿಗೆ ಹೇಳಿದ. ಯಾವ ಗಂಟಲಲ್ಲಿ ಹೇಳಿದ ಎಂದು ನಿನಗೆ ಬರೆಯಬೇಕಾಗಿಲ್ಲ.

ಎರಡನೆಯದು ಇನ್ನೂ ಚೆನ್ನಾಗಿದೆ. ಮಧ್ಯಾಹ್ನ ಅಪ್ಪ ಮಲಗಿದ್ದ. ಲಿಫ್ಟಿನಲ್ಲಿ ಐದನೆಯ ಮತ್ತು ಆರನೆಯ ಮಹಡಿಗಳ ನಡುವೆ ಒಬ್ಬಾಕೆ ಸಿಕ್ಕಿಕೊಂಡಿದ್ದಳು. ಆಗ ಅಪ್ಪ ನಿದ್ದೆಯಲ್ಲೇ ಹರಾಜು ಶುರು ಮಾಡಿದ. "ಒಂದು ಸಲ... ಎರಡು ಸಲ..." ಆಕೆಗೆ ಕೇಳಿಸಿತು. ಮೂರು ಎನ್ನುವಷ್ಟರಲ್ಲಿ ಲಿಫ್ಟು ಕೆಳಗೆ ಬೀಳುತ್ತದೆ ಎಂದುಕೊಂಡು ಕಿಟಾರನೆ ಕಿರುಚಿದಳು.

ಈಗ ಬರೆಯುವಾಗ ನಗು ಬರುತ್ತಿದೆ. ಅವತ್ತು ಬರಲಿಲ್ಲ. ಕೆಲಸ ಮುಗಿದ ಮೇಲೆ ಅಪ್ಪನ ಎದುರು ನಿಂತು, "ನನ್ನ ಹೊಟ್ಟೆ ಮೇಲೆ ಹೊಡೀಬೇಡಪ್ಪ. ಇದು ಮಂಡಿ ಅಲ್ಲ" ಎಂದುಬಿಟ್ಟೆ. ಅವನು ತಲೆ ಆಡಿಸಿದ.

ಮಾರನೆಯ ದಿನದಿಂದ ಮನೆಯಲ್ಲಿ ಅಪ್ಪ ಇದ್ದಾನೋ ಇಲ್ಲವೋ ತಿಳಿಯುವುದಿಲ್ಲ. ಲೋಟ ಇಡುವ ಮೊದಲು ಅದರ ಕೆಳಗೆ ಬಟ್ಟೆ ಹಾಸುತ್ತಾನೆ. ಬಿಸ್ಕತ್ತು ಕುರುಕುರು ಎನ್ನುತ್ತದೆಂದು ಚಹಾದಲ್ಲಿ ಪೂರ್ತಿ ನೆನೆಸಿ ಚಮಚದಲ್ಲಿ ತಿನ್ನುತ್ತಾನೆ. ಕೆಮ್ಮು ಬಂದರೆ ಎದ್ದು ಹೊರಗಿನ ಮೆಟ್ಟಿಲಿಗೆ ಹೋಗಿ ಕೆಮ್ಮಿ ಬರುತ್ತಾನೆ. ಸಂಜೆ ನಾನು ಹೆಡ್‌ಫೋನ್ ಕಳಚಿ, "ಈಗ ಮಾತಾಡಪ್ಪ" ಎಂದರೆ, ಪಿಸುದನಿಯಲ್ಲಿ, "ಏನೂ ಇಲ್ಲ ಮರಿ, ನೀನು ದಣಿದಿದ್ದೀಯ" ಎನ್ನುತ್ತಾನೆ. ಅವನ ಬಾಯಿಂದ ಪಿಸುಮಾತು ಕೇಳಿದಾಗ, ಬೇಡ, ಜೋರಾಗಿಯೇ ಮಾತಾಡು ಎನ್ನಬೇಕೆನ್ನಿಸುತ್ತದೆ. ಎನ್ನುವುದಿಲ್ಲ. ನಿಜ ಹೇಳಲೇ, ಮನೆ ಹೀಗೆ ನಿಶ್ಶಬ್ದವಾಗಿರುವುದು ನನಗೆ ಅನುಕೂಲವಾಗಿದೆ.

ಮರಿ

ಜುಲೈ 30

ಮರಿ,

ಅಪ್ಪನನ್ನು ನನ್ನ ಹತ್ತಿರ ಕಳಿಸು. ಇಲ್ಲಿ ನಾಲ್ಕು ಹೊಲಿಗೆ ಯಂತ್ರ ಒಟ್ಟಿಗೆ ಓಡುತ್ತವೆ. ಅವನು ಎಷ್ಟು ಬೇಕಾದರೂ ಕೂಗಿಕೊಳ್ಳಲಿ.

ಅಕ್ಕ

ಆಗಸ್ಟ್ 6

ಅಕ್ಕ,

ಆಗಲೇ ಸೋತೆಯಾ ಎನ್ನುವ ಹಾಗಿದೆ ನಿನ್ನ ಎರಡು ಸಾಲು. ಸೋತಿಲ್ಲ. ಇಬ್ಬರಿಗೂ ಅಭ್ಯಾಸವಾಗುತ್ತಿದೆ. ಅಪ್ಪ ಇಲ್ಲೇ ಇರುತ್ತಾನೆ.

ಮರಿ

ಆಗಸ್ಟ್ 22

ಅಕ್ಕ,

ಮೊದಲೇ ಹೇಳಿಬಿಡುತ್ತೇನೆ, ಗಾಬರಿಯಾಗಬೇಡ. ಅಪ್ಪ ಮೊನ್ನೆ ಬುಧವಾರ ಮಧ್ಯಾಹ್ನ ಬಚ್ಚಲಲ್ಲಿ ಜಾರಿ ಬಿದ್ದ. ಬಲಗಾಲಿನ ಗಿಣ್ಣಿನ ಹತ್ತಿರ ಮೂಳೆ ಮುರಿದಿದೆ. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಪ್ಲಾಸ್ಟರ್ ಹಾಕಿಸಿದೆ. ಆರು ವಾರ ಕಾಲು ಊರುವ ಹಾಗಿಲ್ಲ. ತಲೆಗೆ, ಸೊಂಟಕ್ಕೆ ಏನೂ ಆಗಿಲ್ಲ. ಊಟ ನಿದ್ದೆ ಚೆನ್ನಾಗಿದೆ.

ಎಷ್ಟು ಹೊತ್ತು ಬಿದ್ದಿದ್ದ ಎಂದು ನೀನು ಕೇಳೇ ಕೇಳುತ್ತೀಯ. ಅರ್ಧ ಗಂಟೆಯ ಮೇಲೆ. ನಾನು ಕರೆಯಲ್ಲಿದ್ದೆ. ಅವನು ಕೂಗಲಿಲ್ಲ ಅಕ್ಕ. ಕೂಗಿದ್ದರೆ ಓಡಿ ಹೋಗುತ್ತಿರಲಿಲ್ಲವೇ? ಕರೆ ಮುಗಿಸಿ ನೀರು ಕುಡಿಯಲು ಎದ್ದಾಗಲೇ ಗೊತ್ತಾದದ್ದು. ಗೋಡೆಗೆ ಒರಗಿ ಕೂತಿದ್ದ. ನನ್ನನ್ನು ನೋಡಿ, "ಮುಗೀತಾ?" ಎಂದ.

ಓಡಿ ಬರಬೇಡ. ನಿನ್ನ ಮೇಲೆ ಮದುವೆ ಬಟ್ಟೆಗಳ ಕೆಲಸ ಬಿದ್ದಿದೆ ಎಂದು ಗೊತ್ತು. ನಾನಿದ್ದೇನೆ.

ಮರಿ

ಆಗಸ್ಟ್ 28

ಅಪ್ಪಾ,

ನಿನ್ನ ಕಾಲು ಹೇಗಿದೆ ಎಂದು ಆಮೇಲೆ ಕೇಳುತ್ತೇನೆ, ಮೊದಲು ಬೈಯಬೇಕು. ಬಿದ್ದವನು ಕೂಗಬೇಡವಾ? ಮುರಿದ ಕಾಲು ಇಟ್ಟುಕೊಂಡು ತಣ್ಣಗಿನ ನೆಲದ ಮೇಲೆ ಸನ್ಯಾಸಿಯ ಹಾಗೆ ಕೂತಿದ್ದೆಯಂತೆ. ಇದೆಲ್ಲ ಯಾರಿಗೆ ತೋರಿಸುವುದಕ್ಕೆ? ತಂಗಿ ಪಕ್ಕದ ಕೋಣೆಯಲ್ಲೇ ಇದ್ದಳು. ಒಂದು ಸಲ ಬಾಯಿ ತೆರೆದಿದ್ದರೆ ಬರುತ್ತಿದ್ದಳು. ಅವಳ ಮನಸ್ಸಿಗೆ ಎಷ್ಟು ನೋವಾಗಿರಬೇಕು ಯೋಚನೆ ಮಾಡು. ನನಗೆ ಉತ್ತರ ನೀನೇ ಬರೆಯಬೇಕು, ಅವಳ ಕೈಲಿ ಬರೆಸಬೇಡ.

ನಿನ್ನ ದೊಡ್ಡ ಮಗಳು

ಸೆಪ್ಟೆಂಬರ್ 3

ದೊಡ್ಡವಳಿಗೆ ಆಶೀರ್ವಾದ.

ನಿನ್ನ ಕಾಗದ ಬಂತು. ನನಗೆ ಬರೆದು ಅಭ್ಯಾಸ ಇಲ್ಲ, ನಿನಗೆ ಗೊತ್ತಲ್ಲ. ಕಾಲು ವಾಸಿ. ನೋವು ರಾತ್ರಿ ಹೊತ್ತು ಸ್ವಲ್ಪ, ಹಗಲು ಇಲ್ಲ. ತಪ್ಪು ನನ್ನದೇ. ಕೂಗಬೇಕು ಅಂತ ಹೊಳೀಲಿಲ್ಲ. ವಯಸ್ಸಾಯ್ತು. ಮರಿಯನ್ನು ಏನೂ ಅನ್ನಬೇಡ. ಅವಳು ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾಳೆ. ಅವಳ ಕೆಲಸ ಬಹಳ ದೊಡ್ಡದು. ಜನರ ಜೀವ ಕೈಯಲ್ಲಿ ಹಿಡಿದುಕೊಂಡು ಕೂತಿರುತ್ತಾಳೆ. ನಾನು ನೋಡುತ್ತೇನಲ್ಲ.

ಮಕ್ಕಳನ್ನು ಕೇಳಿದೆ ಅಂತ ಹೇಳು.

ನಿನ್ನ ಅಪ್ಪ

ಸೆಪ್ಟೆಂಬರ್ 12

ಮರಿ,

ಅಪ್ಪ ಕಾಗದ ಬರೆದಿದ್ದಾನೆ. ನಲವತ್ತು ವರ್ಷ ಕೂಗಿ ನಮ್ಮಿಬ್ಬರನ್ನು ಸಾಕಿದ ಮನುಷ್ಯನಿಗೆ ಕಾಲು ಮುರಿದುಕೊಂಡು ಬಿದ್ದಾಗ ಕೂಗಬೇಕೆಂದು ಹೊಳೆಯಲಿಲ್ಲವಂತೆ. ನಾನು ನಂಬಿದ್ದೇನೆ ಎಂದು ಅವನಿಗೆ ತಿಳಿಸಿದ್ದೇನೆ.

ನೀನು ಏನಾದರೂ ಬರೆಯುವುದಿದ್ದರೆ ಬರೆ.

ಅಕ್ಕ

ಅಕ್ಟೋಬರ್ 5

ಅಕ್ಕ,

ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ನಾಲ್ಕು ಸಲ ಬರೆಯಲು ಕೂತು ನಾಲ್ಕು ಸಲವೂ ಹರಿದು ಹಾಕಿದೆ. ಇದನ್ನು ಓದಿ ಮುಗಿಸುವವರೆಗೂ ನನ್ನನ್ನು ತಂಗಿ ಎಂದುಕೊಂಡೇ ಓದು. ಆಮೇಲೆ ನಿನ್ನಿಷ್ಟ.

ಅಪ್ಪ ಕೂಗಿದ್ದ. ಮೂರು ಸಲ ಕೂಗಿದ್ದ. ನನಗೆ ಮೂರು ಸಲವೂ ಕೇಳಿಸಿತ್ತು.

ಅವತ್ತು ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದವರು ಒಬ್ಬ ಹಲ್ಲಿನ ಡಾಕ್ಟರು. ಅವರಿಗೆ ಹೆದರಿಕೆಯೂ ಆಗಿರಲಿಲ್ಲ ಅಕ್ಕ, ಅದೇ ನನ್ನನ್ನು ಸುಡುತ್ತಿರುವುದು. ಹೆದರಿದ್ದರೆ, ಅಳುತ್ತಿದ್ದರೆ, ಅವರನ್ನು ಬಿಟ್ಟು ಹೋಗಲಾಗಲಿಲ್ಲ ಎಂದು ಹೇಳಿಕೊಳ್ಳಬಹುದಿತ್ತು. ಅವರು ಆರಾಮಾಗಿ ಲಿಫ್ಟಿನ ನೆಲದ ಮೇಲೆ ಕೂತು, ಹೊಸ ಕಾರು ಬಿಳಿ ಬಣ್ಣದ್ದು ತೆಗೆದುಕೊಳ್ಳಲೋ ಬೂದು ಬಣ್ಣದ್ದೋ ಎಂದು ನನ್ನನ್ನು ಕೇಳುತ್ತಿದ್ದರು. ಬಿಳಿ ಬೇಗ ಕೊಳೆಯಾಗುತ್ತದೆ ಸಾರ್ ಎಂದು ನಾನು ಹೇಳುತ್ತಿದ್ದೆ. ಅದೇ ಹೊತ್ತಿಗೆ ಬಚ್ಚಲಿನಿಂದ "ಮರೀ" ಎಂದು ಕೇಳಿಸಿತು.

ಟವಲ್ ಮರೆತಿರಬೇಕು ಎಂದುಕೊಂಡೆ. ಹಾಗೆಂದುಕೊಳ್ಳುವುದು ಸುಲಭವಾಗಿತ್ತು. ಮುಂಚಿನ ಹಾಗೆ ಗಂಟಲು ಬಿಚ್ಚಿ ಕೂಗಿದ್ದಲ್ಲ ಅದು. ನನ್ನ ಕೆಲಸಕ್ಕೆ ತೊಂದರೆಯಾಗದ ಹಾಗೆ, ಅರ್ಧ ಅದುಮಿಟ್ಟ ಕೂಗು. ನಾನು ಎದ್ದು ನನ್ನ ಕೋಣೆಯ ಬಾಗಿಲನ್ನು ಪೂರ್ತಿ ಮುಚ್ಚಿದೆ.

ಎರಡನೆಯ ಸಲ ಕೂಗಿದಾಗ ಡಾಕ್ಟರಿಗೂ ಕೇಳಿಸಿತು. "ಯಾರೋ ಕರೀತಿದ್ದಾರಲ್ಲಮ್ಮ" ಎಂದರು. ನನಗೆ ಕಣ್ಣ ಮುಂದೆ ಮೂರನೆಯ ಕೆಂಪು ಗುರುತು ಬಂತು. "ಅದು ಪಕ್ಕದ ಮನೆ ಸಾರ್. ಅಲ್ಲೊಬ್ಬರು ಅಜ್ಜ ಇದ್ದಾರೆ, ಸುಮ್ಮನೆ ಹೀಗೇ ಕೂಗ್ತಾ ಇರ್ತಾರೆ. ತಲೆ ಕೆಡಿಸ್ಕೋಬೇಡಿ" ಎಂದೆ.

ಮೂರನೆಯ ಸಲ ಕೂಗಿದಾಗ ಅವರು, "ಏನೋ ತೊಂದರೆ ಇದ್ದ ಹಾಗಿದೆ. ನೀವು ಹೋಗಿ ನೋಡ್ಕೊಂಡು ಬನ್ನಿ, ನಾನೆಲ್ಲಿ ಓಡಿ ಹೋಗ್ತೀನಿ" ಎಂದು ನಕ್ಕರು. ಲಿಫ್ಟಿನಲ್ಲಿ ಸಿಕ್ಕಿಕೊಂಡ ಮನುಷ್ಯ ನನಗೆ ಹೋಗಿ ಬಾ ಎನ್ನುತ್ತಿದ್ದಾನೆ. ನನ್ನ ಮೇಜಿನ ಮೇಲೆ ಒಂದು ಗುಂಡಿಯಿದೆ. ಒತ್ತಿದರೆ ಕರೆ ಇನ್ನೊಬ್ಬರಿಗೆ ಹೋಗುತ್ತದೆ, ಅವರು ಮಾತು ಮುಂದುವರಿಸುತ್ತಾರೆ. ಯಾಕೆ ಬಿಟ್ಟುಕೊಟ್ಟೆ ಎಂದು ಆಮೇಲೆ ಕಾರಣ ಬರೆದುಕೊಡಬೇಕು, ಅಷ್ಟೇ. ಮನೆಯಲ್ಲಿ ಅಪ್ಪ ಇದ್ದಾನೆ ಎಂದು ಬರೆಯಬೇಕಾಗುತ್ತಿತ್ತು. ನಾನು ಒತ್ತಲಿಲ್ಲ. "ಪರವಾಗಿಲ್ಲ ಸಾರ್, ನಿಮ್ಮನ್ನ ಒಬ್ಬರನ್ನೇ ಬಿಟ್ಟು ಹೋಗಲ್ಲ" ಎಂದೆ. ಆಮೇಲೆ ಸದ್ದು ಬರಲಿಲ್ಲ. ಟವಲ್ ಸಿಕ್ಕಿರಬೇಕು ಎಂದುಕೊಂಡೆ. ಇಪ್ಪತ್ತೊಂಬತ್ತು ನಿಮಿಷ ಇನ್ನೂ ಮಾತಾಡಿದೆ.

ನಿನಗೆ ಸುಳ್ಳು ಬರೆಯುವಾಗ ಅಪ್ಪನನ್ನು ಕೇಳಿರಲಿಲ್ಲ. ನಿನ್ನ ಬೈಗುಳದ ಕಾಗದ ಬಂದಾಗ ಅವನೇ ಓದಿಕೊಂಡ. ನಾನು ಅಡುಗೆಮನೆಯಲ್ಲಿ ಪಾತ್ರೆ ತಿಕ್ಕಿದ್ದನ್ನೇ ತಿಕ್ಕುತ್ತಾ ನಿಂತಿದ್ದೆ. ಅವನು ಪೆನ್ನು ಕೇಳಿದ. ಏನು ಬರೆದ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಹೇಡಿಯ ಹಾಗೆ ಬಾಯಿ ಮುಚ್ಚಿಕೊಂಡೇ ಇರುತ್ತಿದ್ದೆನೋ ಏನೋ. ಕಳೆದ ವಾರ ನಮ್ಮ ಮೇಲ್ವಿಚಾರಕಿ ಕರೆದರು. ಆ ಡಾಕ್ಟರು ನನ್ನನ್ನು ಹೊಗಳಿ ಬರೆದಿದ್ದರಂತೆ. ಆ ಕರೆಯನ್ನು ಮಾದರಿ ಎಂದು ಆರಿಸಿದ್ದಾರೆ. ಮನೆಯಿಂದ ಕೆಲಸ ಶುರು ಮಾಡುವ ಹೊಸಬರಿಗೆಲ್ಲ ಅದನ್ನು ಕೇಳಿಸಿ, ಅಕ್ಕಪಕ್ಕದ ಸದ್ದನ್ನು ನಿಭಾಯಿಸುವುದು ಹೀಗೆ ಎಂದು ಕಲಿಸುತ್ತಾರಂತೆ. ನನ್ನ ಒಂದು ಕೆಂಪು ಗುರುತನ್ನೂ ಅಳಿಸಿದರು. ನಾನು ಥ್ಯಾಂಕ್ಸ್ ಮೇಡಂ ಎಂದೆ. ಎಂದೆ ಅಕ್ಕ, ಈ ಬಾಯಲ್ಲೇ ಎಂದೆ.

ಅದನ್ನು ನನಗೂ ಕಳಿಸಿದ್ದರು. ಕೇಳಿದೆ. ನನ್ನ ದನಿ ಎಷ್ಟು ನಯವಾಗಿದೆ ಗೊತ್ತಾ? ಮನೆಯ ಒಂದು ಜೀವಕ್ಕೂ ನಾನು ಆ ದನಿಯಲ್ಲಿ ಮಾತಾಡಿದ್ದಿಲ್ಲ. ಅದರ ಹಿಂದೆ, ದೂರದಲ್ಲಿ, ಅಪ್ಪ ಕರೆಯುತ್ತಿದ್ದಾನೆ.

ನನ್ನ ಮುಖ ನೋಡಿಕೊಳ್ಳಲು ನನಗೇ ಹೇಸಿಗೆಯಾಗುತ್ತಿದೆ. ನೀನು ಏನು ಬೈದರೂ ಕಡಿಮೆಯೇ.

ಮರಿ

ಅಕ್ಟೋಬರ್ 13

ಮರಿ,

ನನ್ನ ಹತ್ತಿರ ಬೈಸಿಕೊಂಡು ಹಗುರವಾಗೋಣ ಎಂದುಕೊಂಡಿದ್ದೀಯ. ಬೈಯುವುದಿಲ್ಲ. ಅಪ್ಪ ನನ್ನನ್ನು ಕೂಗಲಿಲ್ಲ, ನಿನ್ನನ್ನು ಕೂಗಿದ. ನಾಲ್ಕು ಹೆಜ್ಜೆ ಆಚೆಯಿರುವ ಮನುಷ್ಯನಿಗೆ ಹೇಳಬೇಕಾದ್ದನ್ನು ಬೇರೆ ಊರಿನಲ್ಲಿರುವ ನನಗೆ ಅಂಚೆಯಲ್ಲಿ ಕಳಿಸಿದ್ದೀಯ. ಹೋಗಿ ಅವನಿಗೆ ಹೇಳು.

ಅಳುತ್ತಾ ಹೇಳಬೇಡ. ಅತ್ತರೆ ಅವನೇ ನಿನ್ನನ್ನು ಸಮಾಧಾನ ಮಾಡಲು ಕೂರುತ್ತಾನೆ.

ಅಕ್ಕ

ನವೆಂಬರ್ 2

ಅಕ್ಕ,

ಹೇಳಿದೆ. ಕಳೆದ ಭಾನುವಾರ ಬೆಳಿಗ್ಗೆ, ಕಂಪ್ಯೂಟರಿನ ಮೇಲೆ ಬಟ್ಟೆ ಮುಚ್ಚಿ, ಅವನ ಮಂಚದ ಪಕ್ಕ ನೆಲದ ಮೇಲೆ ಕೂತು ಹೇಳಿದೆ. ಪ್ಲಾಸ್ಟರ್ ತೆಗೆದು ನಾಲ್ಕು ವಾರವಾಗಿದೆ. ಅವನು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಕೈ ನಿಲ್ಲಿಸಲಿಲ್ಲ.

"ಅಪ್ಪ, ಅವತ್ತು ನೀನು ಕೂಗಿದ್ದು ನನಗೆ ಕೇಳಿಸಿತ್ತು" ಎಂದೆ.

"ಗೊತ್ತು" ಎಂದ.

"ಹೇಗೆ ಗೊತ್ತು?"

"ನೀನು ಮಾತಾಡಿದ್ದೂ ನನಗೆ ಕೇಳಿಸ್ತು ಮರಿ. ಬಾಗಿಲು ಎಷ್ಟು ದಪ್ಪ ಇದೆ ಅಂದ್ಕೊಂಡಿದ್ದೀಯ? ಪಕ್ಕದ ಮನೆ ಅಜ್ಜ ಅಂದ್ಯಲ್ಲ. ಮತ್ತೊಂದ್ ಸಲ ಕರೆದು ನೋಡಿದೆ, ನೋವು ತಡೀಲಿಲ್ಲ. ಆಗ ಆ ಮನುಷ್ಯ ಏನೋ ಕೇಳಿದ ಅನ್ಸುತ್ತೆ, ನೀನು ಬಿಟ್ಟು ಹೋಗಲ್ಲ ಅಂತ ಹೇಳ್ದೆ. ಇನ್ನು ಕೂಗಿದ್ರೆ ನೀನು ಹೇಳಿದ್ದು ಸುಳ್ಳು ಅಂತ ಅವನಿಗೆ ಗೊತ್ತಾಗಿಬಿಡುತ್ತೆ ಅಂತ ಸುಮ್ಮನಾದೆ."

ಅಳಬೇಡ ಎಂದು ನೀನು ಬರೆದಿದ್ದೆ. ಅಳಲಿಲ್ಲ. ಹೇಗೆ ತಡೆದುಕೊಂಡೆನೋ ನನಗೇ ಗೊತ್ತಿಲ್ಲ. ತಪ್ಪಾಯ್ತು ಅಪ್ಪ ಎಂದೆ. ಅವನು ಎಣ್ಣೆಯ ಬಾಟಲಿಗೆ ಮುಚ್ಚಳ ಹಾಕಿದ. ಆಮೇಲೆ, "ಕೊನೆಗೆ ಆ ಸಾರ್ ಯಾವ ಬಣ್ಣದ ಕಾರು ತಗೊಂಡ್ರು?" ಎಂದ. ಇಡೀ ಕರೆ ಕೇಳಿಸಿಕೊಂಡಿದ್ದಾನೆ ಅಕ್ಕ. ಮುರಿದ ಕಾಲು ಹಿಡಿದುಕೊಂಡು, ಅವರು ಯಾವಾಗ ಹೊರಗೆ ಬರುತ್ತಾರೆ ಎಂದು ಕಾದಿದ್ದಾನೆ. ಅವರು ಬಂದರೆ ನಾನು ಬರುತ್ತೇನೆ ಎಂದು.

ಸೋಮವಾರ ಮೇಲ್ವಿಚಾರಕಿಗೆ ಬರೆದೆ. ಆ ಕರೆಯನ್ನು ಯಾರಿಗೂ ಕೇಳಿಸಬೇಡಿ, ಹಿಂದೆ ಕೂಗುತ್ತಿರುವವರು ಪಕ್ಕದ ಮನೆಯವರಲ್ಲ, ನನ್ನ ತಂದೆ, ಕಾಲು ಮುರಿದುಕೊಂಡು ಬಿದ್ದಿದ್ದರು ಎಂದು ಬರೆದೆ. ಗುರುತು ಎಷ್ಟಾದರೂ ಹಾಕಿಕೊಳ್ಳಿ ಎಂದೂ ಬರೆದೆ. ಮರುದಿನವೇ ಉತ್ತರ ಬಂತು. ಬಹಳ ಒಳ್ಳೆಯ ಮಾತುಗಳಲ್ಲಿ ತಂದೆಯವರ ಆರೋಗ್ಯ ವಿಚಾರಿಸಿದ್ದಾರೆ. ಗುರುತು ಹಾಕಿಲ್ಲ. ಕರೆಯನ್ನು ಬಿಡುವುದೂ ಇಲ್ಲವಂತೆ. ಹಿಂದಿನ ಸದ್ದನ್ನು ಅಳಿಸಿ ಹಾಕುವುದು ಈಗ ಕಷ್ಟವಲ್ಲ, ಅದನ್ನು ತೆಗೆದು ಉಳಿದದ್ದನ್ನು ಬಳಸುತ್ತೇವೆ, ನಿಮ್ಮ ಮಾತು ಅಷ್ಟು ಚೆನ್ನಾಗಿದೆ ಎಂದಿದ್ದಾರೆ.

ನಾನು ಅದನ್ನು ಅಪ್ಪನಿಗೆ ಓದಿ ಹೇಳಿದೆ. ಇನ್ನು ಯಾವುದನ್ನೂ ಮುಚ್ಚಿಡಬಾರದು ಎಂದು ಓದಿದೆ. ಅವನು, "ದೊಡ್ಡವಳ ಹತ್ತಿರ ಹೋಗ್ಲಾ ಮರಿ? ನಿನ್ನ ಮೇಲೆ ಸಿಟ್ಟಿಲ್ಲ. ಅಲ್ಲಿ ಮಿಷನ್ ಸದ್ದು ಇರುತ್ತೆ, ಸ್ವಲ್ಪ ಮಾತಾಡ್ಬಹುದು" ಎಂದ. ಪಿಸುದನಿಯಲ್ಲೇ ಕೇಳಿದ. ನನ್ನ ಕೆಲಸ ಮುಗಿದಿತ್ತು, ಮನೆಯಲ್ಲಿ ನಾವಿಬ್ಬರೇ ಇದ್ದೆವು. ಜೋರಾಗಿ ಕೇಳಬಹುದು ಎನ್ನುವುದು ಅವನಿಗೆ ಮರೆತೇ ಹೋಗಿದೆ.

ಇಲ್ಲೇ ಇರು ಎನ್ನುವ ಮುಖ ನನಗಿರಲಿಲ್ಲ. ಬರುವ ಶನಿವಾರ ಬೆಳಗಿನ ಬಸ್ಸಿಗೆ ಹತ್ತಿಸುತ್ತೇನೆ. ಕಂಡಕ್ಟರಿಗೆ ಹೇಳಿ ಮುಂದಿನ ಸೀಟು ಕೊಡಿಸುತ್ತೇನೆ. ನೀನು ಹನ್ನೊಂದಕ್ಕೆ ನಿಲ್ದಾಣದಲ್ಲಿರು, ತಡ ಮಾಡಬೇಡ. ಅವನು ಇಳಿಯುವಾಗ ನಿನ್ನನ್ನು ಕರೆಯುತ್ತಾನೆ. ಮೊದಲ ಸಲ ಮೆತ್ತಗೆ ಕರೆಯುತ್ತಾನೆ ಅಕ್ಕ, ಈಗ ಹಾಗೇ ಅಭ್ಯಾಸವಾಗಿದೆ. ಆ ಗದ್ದಲದಲ್ಲಿ ನಿನಗೆ ಕೇಳಿಸಲಿಕ್ಕಿಲ್ಲ. ಆದರೂ ಓಗೊಡು.

ಮರಿ